ಮನೆ ಬಿಟ್ಟ ಮೇಲೆ ಡಿಪಾಜಿಟ್: ಓದುಗರ ಪ್ರಶ್ನೆ, ವಕೀಲರ ಉತ್ತರ

ಶಾಲೆ-ಕಾಲೇಜು ಬದಲಾಗುವ, ವರ್ಗಾವಣೆ ಆದೇಶಗಳು ಹೊರಬೀಳುವ ದಿನಗಳಲ್ಲಿ ಬಾಡಿಗೆ ಠೇವಣಿಯ ತಕರಾರಿನ ಪತ್ರಗಳು ಈ ಅಂಕಣಕ್ಕೆ ಹೆಚ್ಚಾಗಿ ಬರುತ್ತವೆ. ಈ ಸಲ ಬೆಳಗಾವಿ, ವಿಜಯಪುರ ಮತ್ತು ಬಾಗಲಕೋಟೆಗಳಿಂದ ಬಂದವುಗಳಲ್ಲಿ ಐದನ್ನು ಆರಿಸಿಕೊಂಡು, ಬರೆದವರ ಹೆಸರು ಬಿಟ್ಟು, ಪತ್ರಗಳನ್ನು ಸಂಕ್ಷೇಪಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಟಿಳಕವಾಡಿಯಲ್ಲಿ ತಿಂಗಳಿಗೆ 14,000 ರೂಪಾಯಿ ಬಾಡಿಗೆಯ ಮನೆಯಲ್ಲಿ ನಾಲ್ಕು ವರ್ಷ ಇದ್ದೆವು. ಡಿಪಾಜಿಟ್ ಒಂದು ಲಕ್ಷ. 11 ತಿಂಗಳ ಕರಾರು ಪತ್ರ ಮೊದಲ ವರ್ಷ ಮಾತ್ರ ಆಗಿದೆ, ಅದೂ ಮರಾಠಿಯಲ್ಲಿ. ಆಮೇಲೆ ಬಾಯಿಮಾತಿನಲ್ಲೇ ಮುಂದುವರಿಯಿತು. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕಾಗಿ ಮುರಿದುಕೊಳ್ಳಬಹುದೆಂದು ಕರಾರಿನಲ್ಲಿದೆ. ಈಗ ಮಾಲಕರು ಬಣ್ಣಕ್ಕೆ 35,000, ಗೀಸರ್‌ಗೆ 9,000, ಬಚ್ಚಲುಮನೆಯ ಟೈಲ್ಸ್‌ಗೆ 18,000 ಎಂದು ಮುರಿದುಕೊಂಡು 38,000 ಮಾತ್ರ ಕೊಟ್ಟಿದ್ದಾರೆ. ಬಿಲ್ಲು ತೋರಿಸುವುದಿಲ್ಲ. ವಾಷಿಂಗ್ ಮಷಿನ್ ಇಡುವಾಗ ಎರಡು ಟೈಲ್ಸ್ ಒಡೆದದ್ದು ನಿಜ. ಪೊಲೀಸ್ ಠಾಣೆಯಲ್ಲಿ ಇದು ಸಿವಿಲ್ ವ್ಯವಹಾರವೆಂದು ಹೇಳಿ ಕಳಿಸಿದರು. ಮುಂದೇನು?

ಉತ್ತರ: ಮೊದಲು, ನಿಮ್ಮ ವ್ಯವಹಾರಕ್ಕೆ ಯಾವ ಕಾನೂನು ಅನ್ವಯಿಸುತ್ತದೆ ಎಂಬುದು ಸ್ಪಷ್ಟವಾಗಬೇಕು. ಕರ್ನಾಟಕ ಬಾಡಿಗೆ ಅಧಿನಿಯಮ, 1999 ಎಂಬ ಕಾಯ್ದೆ ಇದೆಯಾದರೂ, ಅದರ ಅನುಸೂಚಿಯ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮತ್ತು ಉಳಿದೆಡೆ 2,000 ರೂಪಾಯಿ ಮೀರಿದ ವಾಸದ ಮನೆಗಳನ್ನು ಅದು ಹೊರಗಿಟ್ಟಿದೆ. ಇಂದಿನ ಬೆಳಗಾವಿಯಲ್ಲಿ ಆ ಮಿತಿಯೊಳಗೆ ಸಿಗುವ ಮನೆ ಎಷ್ಟಿದ್ದಾವು ಎಂಬುದು ಎಲ್ಲರಿಗೂ ಗೊತ್ತು. ಹೀಗಾಗಿ ನಿಮ್ಮ ವಿಷಯವನ್ನು ನಿರ್ಧರಿಸುವವು ನಿಮ್ಮ ಕರಾರು, 1882ರ ಸ್ವತ್ತು ವರ್ಗಾವಣೆ ಅಧಿನಿಯಮ ಮತ್ತು 1872ರ ಕರಾರು ಅಧಿನಿಯಮ. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚಿನ ಠೇವಣಿ ಪಡೆಯುವಂತಿಲ್ಲ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತದೆ. ಅದು ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಮಾತು. ರಾಜ್ಯದ ಶಾಸಕಾಂಗ ಅಂಗೀಕರಿಸದೆ ಅಂಥ ಮಾದರಿ ತಾನಾಗಿಯೇ ಜಾರಿಗೆ ಬರುವುದಿಲ್ಲ, ಆದ್ದರಿಂದ ಅದನ್ನು ನಂಬಿ ವಾದಿಸಬೇಡಿ.

ಕರಾರಿನ ಅವಧಿ ಮುಗಿದ ಮೇಲೂ ಮಾಲಕರು ಬಾಡಿಗೆ ಪಡೆಯುತ್ತ ಬಂದಿದ್ದರೆ, ಸ್ವತ್ತು ವರ್ಗಾವಣೆ ಅಧಿನಿಯಮದ 116ನೆಯ ಕಲಮಿನಂತೆ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತಾಗುತ್ತದೆ ಮತ್ತು ಹಳೆಯ ಷರತ್ತುಗಳು ಹೊಂದಿಕೆಯಾಗುವಷ್ಟರ ಮಟ್ಟಿಗೆ ಉಳಿಯುತ್ತವೆ. ಅಂದರೆ ಬಣ್ಣಕ್ಕಾಗಿ ಒಂದು ತಿಂಗಳ ಬಾಡಿಗೆ ಎಂಬ ಷರತ್ತು ನಿಮ್ಮನ್ನೂ ಕಟ್ಟುತ್ತದೆ, ಮಾಲಕರನ್ನೂ ಕಟ್ಟುತ್ತದೆ. 14,000 ರೂಪಾಯಿಯನ್ನು ಪ್ರಶ್ನಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಆದರೆ ಅದೇ ಬಣ್ಣದ ಹೆಸರಿನಲ್ಲಿ ಇನ್ನೂ 21,000 ಮುರಿದುಕೊಳ್ಳಲು ಮಾಲಕರಿಗೆ ಆಧಾರ ಬೇಕು, ಆ ಆಧಾರ ನಿಮ್ಮ ಕರಾರಿನಲ್ಲಿ ಇಲ್ಲ. 108ನೆಯ ಕಲಮಿನ ಖಂಡ (ಎಂ) ಬಾಡಿಗೆದಾರನು ಸ್ವತ್ತನ್ನು ತಾನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕೆನ್ನುತ್ತದೆ, ಆದರೆ ಸಹಜ ಬಳಕೆಯಿಂದಾದ ಸವಕಳಿ ಮತ್ತು ತಡೆಯಲಾಗದ ಶಕ್ತಿಯಿಂದಾದ ಬದಲಾವಣೆಗಳನ್ನು ಅದರಿಂದ ಹೊರಗಿಡುತ್ತದೆ. ನಾಲ್ಕು ವರ್ಷದಲ್ಲಿ ಬಣ್ಣ ಮಾಸುವುದು ಸವಕಳಿಯೇ. ಬೆಳಗಾವಿಯ ಮಳೆಗಾಲದಲ್ಲಿ ಚಾವಣಿಯಿಂದ ನೀರಿಳಿದು ಗೋಡೆಗೆ ಪಾಚಿ ಹಿಡಿದಿದ್ದರೆ ಅದು ಕಟ್ಟಡದ ದೋಷವೇ ಹೊರತು ವಾಸಿಸಿದವರ ತಪ್ಪಲ್ಲ. ಗೋಡೆಗೆ ಮೊಳೆ ಹೊಡೆದು ಗಿಲಾವು ಉದುರಿಸಿದ್ದರೆ, ಮಕ್ಕಳು ಎಣ್ಣೆಬಣ್ಣ ಬಳಿದಿದ್ದರೆ ಮಾತ್ರ ಪ್ರಶ್ನೆ ಬೇರೆ.

ಗೀಸರ್ ಹಳೆಯದಾಗಿ ಕೆಟ್ಟಿದ್ದರೆ ಅದೂ ಸವಕಳಿಯ ಲೆಕ್ಕಕ್ಕೆ ಸೇರುತ್ತದೆ; ಹೊಸ ಗೀಸರಿನ ಬೆಲೆಯನ್ನು ನಿಮ್ಮ ತಲೆಗೆ ಕಟ್ಟಲಾಗದು. ಟೈಲ್ಸ್ ವಿಷಯದಲ್ಲಿ ಒಡೆದದ್ದನ್ನು ನೀವೇ ಒಪ್ಪಿದ್ದೀರಿ, ಆದ್ದರಿಂದ ಎರಡು ಟೈಲ್ಸ್ ಬದಲಿಸುವ ನ್ಯಾಯವಾದ ಖರ್ಚನ್ನು ಕೊಡುವುದಾಗಿ ನೋಟಿಸಿನಲ್ಲೇ ಬರೆಯಿರಿ. ಬಚ್ಚಲುಮನೆಯ ಇಡೀ ನೆಲವನ್ನು ಹೊಸದು ಮಾಡಿಸಿ ಅದರ ವೆಚ್ಚ ಕೇಳುವುದು ನಷ್ಟ ಪರಿಹಾರವಲ್ಲ, ಮನೆಯ ಸುಧಾರಣೆ. ಠೇವಣಿ ಮಾಲಕರ ಕೈಯಲ್ಲಿದ್ದರೂ ಅದು ಅವರ ಆದಾಯವಲ್ಲ, ನಷ್ಟ ತುಂಬಲೆಂದು ಇಟ್ಟ ಭದ್ರತೆ; ನಷ್ಟ ಎಷ್ಟಾಯಿತೆಂದು ತೋರಿಸಬೇಕಾದವರು ಮುರಿದುಕೊಂಡವರು. ಮುಂಗಡವನ್ನು ಮುಟ್ಟುಗೋಲು ಹಾಕಿಕೊಳ್ಳುವುದಕ್ಕೂ ನಷ್ಟ ಆಗಿರಬೇಕು ಎಂದು ಕರಾರು ಅಧಿನಿಯಮದ 74ನೆಯ ಕಲಮನ್ನು ವಿವರಿಸುತ್ತ ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಹೇಳಿದೆ. ಅದು ಬಾಡಿಗೆಯ ಮೊಕದ್ದಮೆಯಲ್ಲ, ಆದರೆ ಅದರ ತತ್ತ್ವ ನಿಮಗೆ ನೆರವಾಗುತ್ತದೆ.

ಆದ್ದರಿಂದ ಹಿಡಿದಿಟ್ಟ 62,000ದಲ್ಲಿ 14,000 ಬಿಟ್ಟು ಉಳಿದ 48,000ಕ್ಕೆ, ಎರಡು ಟೈಲ್ಸ್‌ನ ಖರ್ಚು ಕಳೆದು, ವಕೀಲರ ಮೂಲಕ ನೋಟಿಸು ಕೊಡಿ. ಅದರಲ್ಲಿ, ಇಂತಿಷ್ಟು ದಿನದೊಳಗೆ ಹಣ ಬಾರದಿದ್ದರೆ ನೋಟಿಸಿನ ದಿನದಿಂದ ಬಡ್ಡಿಯನ್ನೂ ಕೇಳುತ್ತೇನೆಂದು ಒಂದು ಸಾಲು ಇರಲೇಬೇಕು. 1978ರ ಬಡ್ಡಿ ಅಧಿನಿಯಮದಂತೆ, ಬಡ್ಡಿಯ ಕರಾರು ಇಲ್ಲದಿದ್ದರೂ ಲಿಖಿತ ಬೇಡಿಕೆಯ ದಿನದಿಂದ ಬಡ್ಡಿ ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ, ಆ ಸಾಲನ್ನು ಮರೆತ ನೋಟಿಸುಗಳನ್ನು ನಾನು ಬಹಳ ನೋಡಿದ್ದೇನೆ. ಅಂಚೆಯಲ್ಲಿ ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಕಳಿಸಿ. ಸರಿಯಾದ ವಿಳಾಸಕ್ಕೆ ಹೋದ ನೋಟಿಸನ್ನು ಬೇಕೆಂದೇ ನಿರಾಕರಿಸಿ ಮರಳಿಸಿದವರು, ತಮಗೆ ಅದು ಸಿಕ್ಕಿಲ್ಲವೆಂದು ವಾದಿಸಿ ಗೆಲ್ಲುವುದು ಕಷ್ಟ. ದಾವೆಗೆ ಮೂರು ವರ್ಷದ ಕಾಲಮಿತಿಯಿದೆ. ‘ಕೊಡೋಣ, ನೋಡೋಣ’ ಎನ್ನುವ ಫೋನ್ ಮಾತಿನಿಂದ ಆ ಅವಧಿ ಬೆಳೆಯುವುದಿಲ್ಲ. ಅವಧಿಯೊಳಗೆ ಮಾಲಕರು ಸಹಿ ಮಾಡಿ ಬಾಕಿಯನ್ನು ಒಪ್ಪಿ ಬರೆದುಕೊಟ್ಟರೆ ಮಾತ್ರ ಅಲ್ಲಿಂದ ಹೊಸದಾಗಿ ಎಣಿಕೆ ಶುರುವಾಗುತ್ತದೆ.

ಕರಾರು ಮರಾಠಿಯಲ್ಲಿರುವುದರಿಂದ ಅದರ ಬಲ ಕುಂದುವುದಿಲ್ಲ. ದಾವೆಯ ಜೊತೆಗೆ ಅನುವಾದ ಹಾಜರುಪಡಿಸಬೇಕು, ಅಷ್ಟೆ. ಮನೆ ಬಿಡುವ ದಿನ ಫೋನಿನಲ್ಲಿ ತೆಗೆದ ಚಿತ್ರಗಳು, ಮಾಲಕರ ಜೊತೆಗಿನ ಸಂದೇಶಗಳು ಇದ್ದರೆ ಮೂಲ ಫೋನನ್ನು ಮಾರಬೇಡಿ, ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಅವುಗಳ ಪ್ರತಿಗೆ ಪ್ರಮಾಣಪತ್ರ ಲಗತ್ತಿಸಬೇಕಾಗುತ್ತದೆ. ಠಾಣೆಯವರು ಹೇಳಿದ್ದು ಸರಿಯಾಗಿಯೇ ಇದೆ. ಮೊದಲ ದಿನದಿಂದಲೇ ಮೋಸದ ಉದ್ದೇಶವಿತ್ತೆಂಬುದಕ್ಕೆ ಏನೂ ಇಲ್ಲದೆ ಠೇವಣಿ ತಕರಾರನ್ನು ಅಪರಾಧವೆನ್ನಲಾಗದು.

ಈ ಮೊತ್ತಕ್ಕೆ ದಾವೆಗಿಂತ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಅದು ಮಾಲಕರನ್ನು ಕರೆಸಿ, ಪ್ರಕರಣವನ್ನು ದಾವೆ-ಪೂರ್ವ ಹಂತದಲ್ಲೇ ಲೋಕ ಅದಾಲತ್ತಿನ ಮುಂದಿಡುತ್ತದೆ. ಅಲ್ಲಿ ರಾಜಿಯಾದರೆ ಆ ತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಆದರೆ ಎದುರಿನವರು ಒಪ್ಪದಿದ್ದರೆ ಲೋಕ ಅದಾಲತ್ತು ಬಲವಂತದಿಂದ ಹಣ ಕೊಡಿಸಲಾರದು ಎಂಬುದೂ ಗೊತ್ತಿರಲಿ.

ಪ್ರಶ್ನೆ: ವಿಜಯಪುರದ ಗಾಂಧಿ ಚೌಕದ ಹತ್ತಿರ 12 ಅಡಿ ಅಗಲ, 15 ಅಡಿ ಉದ್ದದ ಅಂಗಡಿಯಲ್ಲಿ ಬಹಳ ವರ್ಷಗಳಿಂದ ಬಟ್ಟೆ ವ್ಯಾಪಾರ ಮಾಡುತ್ತಿದ್ದೇನೆ. ನಾಲ್ಕು ಲಕ್ಷ ಡಿಪಾಜಿಟ್ ಇದೆ. ಕಳೆದ ವರ್ಷ ಮಾಲಕರು ಕಟ್ಟಡ ಮಾರಿದರು. ಹೊಸಬರು 15 ದಿನದಲ್ಲಿ ಖಾಲಿ ಮಾಡಿ ಎಂದು ನೋಟಿಸು ಕೊಟ್ಟಿದ್ದಾರೆ, ಡಿಪಾಜಿಟ್ ಹಳಬರನ್ನು ಕೇಳಿ ಎನ್ನುತ್ತಾರೆ. ಹಳಬರು, ಖರೀದಿಯ ಹಣದಲ್ಲಿ ಅದನ್ನು ವಜಾ ಮಾಡಿ ಕೊಟ್ಟಿದ್ದೇನೆ, ಹೊಸಬರನ್ನು ಕೇಳಿ ಎನ್ನುತ್ತಾರೆ. ಹಣ ಬರುವವರೆಗೆ ಬಾಡಿಗೆ ನಿಲ್ಲಿಸಿ ಅಂಗಡಿಯಲ್ಲೇ ಕೂರಬಹುದೇ?

ಉತ್ತರ: ಕೂರಬಹುದೇ ಎಂಬುದಕ್ಕೆ ಮೊದಲು ಉತ್ತರಿಸುತ್ತೇನೆ: ಕೂಡದು. ಠೇವಣಿ ಮರಳಿಸುವುದಕ್ಕೂ ಸ್ವಾಧೀನ ಬಿಡುವುದಕ್ಕೂ ಕರಾರಿನಲ್ಲಿ ಗಂಟು ಹಾಕಿದ್ದರೆ ಮಾತು ಬೇರೆ. ಹಾಗಿಲ್ಲದಿದ್ದರೆ, ಅವಧಿ ಮುಗಿದ ಮೇಲೆ ಕೂತ ಪ್ರತಿ ತಿಂಗಳಿಗೂ ಪೇಟೆಯ ದರದಲ್ಲಿ ಪರಿಹಾರ ಕೇಳುವ ಅವಕಾಶವನ್ನು ನೀವೇ ಎದುರಾಳಿಗೆ ಒದಗಿಸಿದಂತೆ. ಬಾಡಿಗೆಯನ್ನು ಠೇವಣಿಯಲ್ಲಿ ಮುರಿದುಕೊಳ್ಳುವುದೂ ಅವರ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ ಸುರಕ್ಷಿತ. ತಿಂಗಳ ಬಾಡಿಗೆಯ ಅಂಗಡಿಗೆ ಸ್ವತ್ತು ವರ್ಗಾವಣೆ ಅಧಿನಿಯಮದ 106ನೆಯ ಕಲಮಿನಂತೆ 15 ದಿನದ ನೋಟಿಸು ಸಾಕು. ಬಾಡಿಗೆ ಅಧಿನಿಯಮದ ರಕ್ಷಣೆ 14 ಚದರ ಮೀಟರ್ ಒಳಗಿನ ವಾಣಿಜ್ಯ ಮಳಿಗೆಗಳಿಗೆ ಮಾತ್ರ, ನಿಮ್ಮ ಅಂಗಡಿ ಅದನ್ನು ತುಸು ಮೀರುತ್ತದೆ.

ಹಣದ ವಿಷಯಕ್ಕೆ ಬಂದರೆ, ಈ ಇಬ್ಬರ ನಡುವಿನ ಚೆಂಡಾಟಕ್ಕೆ ಸ್ವತ್ತು ವರ್ಗಾವಣೆ ಅಧಿನಿಯಮದ 109ನೆಯ ಕಲಮಿನಲ್ಲಿ ಉತ್ತರವಿದೆ. ಸ್ವತ್ತು ಮಾರಿದ ಮಾತ್ರಕ್ಕೆ ಹಳೆಯ ಮಾಲಕರು ಕರಾರಿನ ಹೊಣೆಯಿಂದ ಬಿಡುಗಡೆ ಹೊಂದುವುದಿಲ್ಲ. ಖರೀದಿದಾರರನ್ನೇ ಹೊಣೆಗಾರರೆಂದು ಬಾಡಿಗೆದಾರ ತಾನಾಗಿ ಆರಿಸಿಕೊಂಡರೆ ಮಾತ್ರ ಅವರು ಬಿಡುಗಡೆಯಾಗುತ್ತಾರೆ. ಆಯ್ಕೆ ನಿಮ್ಮದು, ಅದಕ್ಕೇ ಅವಸರ ಬೇಡ. ಸಿಟ್ಟಿನಲ್ಲಿ ‘ಇನ್ನು ಮುಂದೆ ನನ್ನ ಡಿಪಾಜಿಟ್‌ಗೆ ನೀವೇ ಜವಾಬ್ದಾರರು’ ಎಂದು ಹೊಸಬರಿಗೆ ಬರೆದುಕೊಟ್ಟ ಒಂದು ಚೀಟಿ ನಾಳೆ ಹಳಬರ ಕೈಗೆ ಅಸ್ತ್ರವಾಗಬಲ್ಲದು. ಮೊದಲು ಉಪನೋಂದಣಿ ಕಚೇರಿಯಲ್ಲಿ ಖರೀದಿ ಪತ್ರದ ದೃಢೀಕೃತ ನಕಲು ಪಡೆಯಿರಿ. ಬಾಡಿಗೆದಾರರ ಠೇವಣಿಯನ್ನು ಖರೀದಿ ಹಣದಲ್ಲಿ ವಜಾ ಮಾಡಲಾಗಿದೆ ಎಂಬ ಮಾತು ಅದರಲ್ಲಿದ್ದರೆ ಹೊಸಬರಿಗೆ ಜಾರಿಕೊಳ್ಳಲು ದಾರಿಯಿಲ್ಲ. ಇಲ್ಲದಿದ್ದರೆ ಹಳಬರ ಮಾತಿಗೆ ಆಧಾರ ಕೇಳಬೇಕಾಗುತ್ತದೆ. ಎರಡೂ ಸಂದರ್ಭದಲ್ಲಿ ನೋಟಿಸು ಇಬ್ಬರಿಗೂ ಹೋಗಲಿ, ದಾವೆಯಲ್ಲೂ ಇಬ್ಬರೂ ಪ್ರತಿವಾದಿಗಳಾಗಿರಲಿ.

ಇನ್ನೊಂದು ಸಂಗತಿ. ವ್ಯಾಪಾರಕ್ಕಾಗಿಯೇ ಬಳಸುವ ಸ್ಥಿರಾಸ್ತಿಯ ಕರಾರಿನ ತಕರಾರು, ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನದಾದರೆ, 2015ರ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮದ ವ್ಯಾಪ್ತಿಗೆ ಬರುತ್ತದೆ. ತುರ್ತು ತಡೆಯಾಜ್ಞೆಯ ಅಗತ್ಯ ಇಲ್ಲದಿದ್ದರೆ ಅದರ 12-ಎ ಕಲಮಿನಂತೆ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಇದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಪಾಟೀಲ ಆಟೊಮೇಶನ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಆ ಹೆಜ್ಜೆ ಬಿಟ್ಟು ನೇರವಾಗಿ ಹಾಕಿದ ದಾವೆ ತಿರಸ್ಕೃತವಾಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಹಿಂದವಾಡಿಯ ನಮ್ಮ ಮನೆಯ ಮಾಳಿಗೆಯನ್ನು 9,000 ರೂಪಾಯಿಗೆ ಬಾಡಿಗೆ ಕೊಟ್ಟಿದ್ದೆ, ಡಿಪಾಜಿಟ್ 30,000. ‘ಅಕ್ಕಾರೇ, ಮುಂದಿನ ತಿಂಗಳು ಕೂಡಿಸಿ ಕೊಡುತ್ತೇನೆ’ ಎನ್ನುತ್ತಲೇ ನಾಲ್ಕು ತಿಂಗಳ ಬಾಡಿಗೆ ಬಾಕಿ ಇಟ್ಟು, ಕೀಲಿ ಹಾಕಿಕೊಂಡು ಹೋಗಿದ್ದಾರೆ. ಫೋನ್ ಬಂದ್. ಹೆಸ್ಕಾಂ ಬಿಲ್ಲು 3,200 ಉಳಿದಿದೆ. ಒಳಗೆ ಸಾಮಾನು ಇವೆ. ಕೀಲಿ ಒಡೆಯಬಹುದೇ? ವಕೀಲರ ಖರ್ಚಿನ ಚಿಂತೆಯೂ ಇದೆ.

ಉತ್ತರ: ಬಾಕಿ 39,200 ರೂಪಾಯಿ, ಠೇವಣಿ 30,000. ಬಾಕಿ ಬಾಡಿಗೆಗೆ ಠೇವಣಿಯನ್ನು ವಜಾ ಮಾಡಿಕೊಳ್ಳುವುದು ಅದರ ಮೂಲ ಉದ್ದೇಶವೇ ಆಗಿರುವುದರಿಂದ ಅದರಲ್ಲಿ ಅಳುಕು ಬೇಡ. ಲೆಕ್ಕವನ್ನು ಮಾತ್ರ ಬರೆದು, ಉಳಿದ 9,200ಕ್ಕೆ ಬೇಡಿಕೆ ಸೇರಿಸಿ ಕಳಿಸಿ. ವಿದ್ಯುತ್ ಬಿಲ್ಲನ್ನು ನೀವೇ ಕಟ್ಟಿ ರಸೀದಿ ಇಟ್ಟುಕೊಳ್ಳಿ, ಬಾಕಿ ಬೆಳೆದರೆ ಸಂಪರ್ಕ ಹೋಗುವುದು ನಿಮ್ಮ ಮನೆಯದು.

ಕೀಲಿ ಒಡೆಯುವ ವಿಷಯದಲ್ಲಿ ತಾಳ್ಮೆ ಬೇಕು. ಸಾಮಾನು ಒಳಗಿರುವವರೆಗೆ ಮಾಳಿಗೆ ಕಾನೂನಿನ ದೃಷ್ಟಿಯಲ್ಲಿ ಅವರ ಸ್ವಾಧೀನದಲ್ಲೇ ಇದೆ. ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಕಲಮಿನಂತೆ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ಮರಳಿ ಪಡೆಯಬಹುದು, ಅಲ್ಲಿ ಮನೆ ಯಾರದೆಂಬ ಪ್ರಶ್ನೆ ಏಳುವುದೇ ಇಲ್ಲ. ಅದಕ್ಕಿಂತ ದೊಡ್ಡ ತಲೆನೋವೆಂದರೆ, ಒಳಗೆ ಚಿನ್ನವಿತ್ತು, ಹಣವಿತ್ತು ಎಂಬ ಆರೋಪ. ಬಾಡಿಗೆ ಕೊಡುವಾಗ ಪಡೆದ ಗುರುತಿನ ಚೀಟಿಯಲ್ಲಿರುವ ಊರಿನ ವಿಳಾಸಕ್ಕೆ, ಅವರು ಕೆಲಸ ಮಾಡುತ್ತಿದ್ದ ಕಡೆಗೆ ನೋಟಿಸು ಕಳಿಸಿ, ಒಂದು ಪ್ರತಿಯನ್ನು ನೆರೆಯವರ ಸಮ್ಮುಖದಲ್ಲಿ ಬಾಗಿಲಿಗೆ ಅಂಟಿಸಿ ಚಿತ್ರ ತೆಗೆದಿಡಿ. ಮನೆ ಬಿಟ್ಟಿದ್ದೇನೆ, ಸಾಮಾನು ಬೇಡ ಎಂದು ಅವರಿಂದ ಒಂದು ಸಂದೇಶ ಬಂದರೂ ಸ್ವಾಧೀನ ಬಿಟ್ಟುಕೊಟ್ಟದ್ದಕ್ಕೆ ಅದು ಆಧಾರವಾಗುತ್ತದೆ. ಆಗ ಇಬ್ಬರು ಪಂಚರ ಮುಂದೆ ಕೀಲಿ ತೆಗೆದು, ಸಾಮಾನಿನ ಪಟ್ಟಿ ಮಾಡಿ ಸಹಿ ಹಾಕಿಸಿಡಿ. ಏನೂ ಉತ್ತರ ಬಾರದಿದ್ದರೆ ಸ್ವಾಧೀನಕ್ಕಾಗಿ ದಾವೆಯೇ ದಾರಿ. ಠಾಣೆಗೆ ಮಾಹಿತಿ ಕೊಡುವುದು ಒಳ್ಳೆಯದು, ಆದರೆ ಪೊಲೀಸರ ಹಾಜರಿ ನ್ಯಾಯಾಲಯದ ಆದೇಶಕ್ಕೆ ಬದಲಿಯಾಗದು. ವಕೀಲರ ಖರ್ಚಿನ ಬಗ್ಗೆ ಚಿಂತಿಸಿದ್ದೀರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. 15100ಕ್ಕೆ ಕರೆ ಮಾಡಿದರೂ ಮಾರ್ಗದರ್ಶನ ಸಿಗುತ್ತದೆ.

ಪ್ರಶ್ನೆ: ನಾನು ಜಮಖಂಡಿಯವನು, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಊಟಸಹಿತ ಪಿಜಿಯಲ್ಲಿ ಐದು ತಿಂಗಳಿದ್ದು, ಒಂದು ತಿಂಗಳು ಮೊದಲೇ ತಿಳಿಸಿ ಬಿಟ್ಟೆ. 10,000 ಡಿಪಾಜಿಟ್ ಕೊಡುತ್ತಿಲ್ಲ. ಗೋಡೆಯ ಮೇಲೆ ‘ಡಿಪಾಜಿಟ್ ವಾಪಸ್ ಇಲ್ಲ’ ಎಂದು ಬೋರ್ಡು ಹಾಕಿದ್ದಾರೆ.

ಉತ್ತರ: ಬೋರ್ಡು ಬರೆದಾಕ್ಷಣ ಕಾನೂನಾಗುವುದಿಲ್ಲ. ಸಾಮಾನ್ಯವಾಗಿ ಬರಿಯ ಮನೆ ಬಾಡಿಗೆಯ ತಕರಾರು ಗ್ರಾಹಕ ಆಯೋಗಕ್ಕೆ ಬರುವುದಿಲ್ಲ, ಆದರೆ ಊಟ-ವಸತಿ ಒದಗಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ಸೇವೆಯೆಂದೇ ಪರಿಗಣಿಸುತ್ತದೆ. ಮೊದಲು 1915 ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ; ಅಲ್ಲಿ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಿ. ನೀವು ವಾಸಿಸುವ ಜಿಲ್ಲೆಯಲ್ಲೂ ದೂರು ಕೊಡಲು ಅವಕಾಶವಿರುವುದರಿಂದ ಬಾಗಲಕೋಟೆಯ ಆಯೋಗವೂ ಆದೀತು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಹಣ ಕಳಿಸಿದ ಯುಪಿಐ ದಾಖಲೆ ಮತ್ತು ನೀವು ತಿಳಿಸಿದ ಸಂದೇಶ ಸಾಕು. ಆ ಬೋರ್ಡಿನ ಚಿತ್ರವನ್ನೂ ಲಗತ್ತಿಸಿ, ಅದು ನಿಮ್ಮ ಪರವಾಗಿಯೇ ಮಾತಾಡುತ್ತದೆ.

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿ ಐದು ಲಕ್ಷ ಕೊಟ್ಟು ಮೂರು ವರ್ಷಕ್ಕೆ ಮನೆ ಲೀಸ್ ಹಾಕಿಕೊಂಡೆವು. ತಿಂಗಳ ಬಾಡಿಗೆ ಇಲ್ಲ. ಬಾಂಡ್ ಪೇಪರಿನಲ್ಲಿ ಬರೆದು ನೋಟರಿ ಮಾಡಿಸಿದ್ದೇವೆ, ಹಣ ಬ್ಯಾಂಕಿನಿಂದ ಹೋಗಿದೆ. ಅವಧಿ ಮುಗಿದು ಎರಡು ತಿಂಗಳಾಯಿತು. ಬೇರೆಯವರು ಬಂದ ಮೇಲೆ ಅವರ ಹಣದಿಂದ ಕೊಡುತ್ತೇನೆ, ನೀವು ಖಾಲಿ ಮಾಡಿ ಎಂದು ಮಾಲಕರು ಹೇಳುತ್ತಾರೆ. ಅಷ್ಟರಲ್ಲಿ ಮೊನ್ನೆ ಬ್ಯಾಂಕಿನವರು ಗೋಡೆಗೆ ನೋಟಿಸು ಅಂಟಿಸಿ ಹೋಗಿದ್ದಾರೆ.

ಉತ್ತರ: ಟಿಳಕವಾಡಿಯ ಓದುಗರಿಗೆ ಹೇಳಿದ್ದು ನಿಮಗೆ ಪೂರ್ತಿ ಹೊಂದುವುದಿಲ್ಲ. ಇಡುಗಂಟು ಕೊಟ್ಟು, ಅದರ ಬಡ್ಡಿಗೆ ಬದಲಾಗಿ ಮನೆಯನ್ನು ಅನುಭವಿಸುವ ಈ ವ್ಯವಹಾರ ಸ್ವರೂಪದಲ್ಲಿ ಬಾಡಿಗೆಗಿಂತ ಭೋಗ್ಯದ ಅಡಮಾನಕ್ಕೆ ಹತ್ತಿರ. ಸ್ವತ್ತು ವರ್ಗಾವಣೆ ಅಧಿನಿಯಮದ 58(ಡಿ) ಕಲಮು ಅದನ್ನು ವಿವರಿಸುತ್ತದೆ, 59ನೆಯ ಕಲಮಿನಂತೆ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಅಡಮಾನಕ್ಕೆ ಇಬ್ಬರು ಸಾಕ್ಷಿಗಳ ಸಹಿಯುಳ್ಳ ನೋಂದಾಯಿತ ಪತ್ರ ಬೇಕು. ನೋಟರಿ ಮೊಹರು ನೋಂದಣಿಯಲ್ಲ. ನಮ್ಮ ಜಿಲ್ಲೆಗಳಲ್ಲಿ ಜನ ಲಕ್ಷಗಟ್ಟಲೆ ಹಣವನ್ನು ಇಂಥ ಕಾಗದದ ಮೇಲೆ ಕೊಡುವುದನ್ನು ಕಂಡರೆ ನನಗೆ ಇಂದಿಗೂ ಆಶ್ಚರ್ಯವಾಗುತ್ತದೆ. ನೋಂದಣಿಯ ಖರ್ಚು ಉಳಿಸಲು ಹೋಗಿ ಮನೆಯ ಮೇಲಿನ ಹಕ್ಕನ್ನೇ ಬಿಟ್ಟುಕೊಟ್ಟಂತಾಗುತ್ತದೆ.

ಹಾಗೆಂದು ನಿಮ್ಮ ಐದು ಲಕ್ಷ ಮುಳುಗಿತೆಂದಲ್ಲ. ಮನೆಯ ಮೇಲೆ ಅಡಮಾನದ ಹಕ್ಕು ಸಾಧಿಸಲು ಕಷ್ಟವಾದರೂ, ಹಣ ಪಡೆದದ್ದಕ್ಕೆ ಬ್ಯಾಂಕ್ ದಾಖಲೆ ಇರುವುದರಿಂದ ಮಾಲಕರ ವಿರುದ್ಧ ವೈಯಕ್ತಿಕವಾಗಿ ವಸೂಲಿ ದಾವೆ ಹೂಡಬಹುದು. ಬಾಂಡ್ ಪತ್ರದ ಮುದ್ರಾಂಕ ಶುಲ್ಕ ಕಡಿಮೆಯಿದ್ದರೆ, ಕರ್ನಾಟಕ ಮುದ್ರಾಂಕ ಅಧಿನಿಯಮದ 34ನೆಯ ಕಲಮಿನಂತೆ ಕೊರತೆಯ ಮೊತ್ತವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟದೆ ಅದನ್ನು ಸಾಕ್ಷ್ಯವಾಗಿ ಓದಲಾಗದು, ಆ ಖರ್ಚನ್ನು ಲೆಕ್ಕದಲ್ಲಿಡಿ. ಇನ್ನು ಮನೆ ಖಾಲಿ ಮಾಡುವ ಮಾತು: ಬೇರೆಯವರು ಬರುವವರೆಗೆ ಕಾಯುವುದಾಗಿ ನೀವು ಒಪ್ಪಿ ಸಹಿ ಮಾಡಿಲ್ಲ. ಸ್ವಾಧೀನ ಬಿಟ್ಟರೆ ನಿಮ್ಮ ಕೈಯಲ್ಲಿ ಕಾಗದ ಮಾತ್ರ ಉಳಿಯುತ್ತದೆ, ಆದ್ದರಿಂದ ವಕೀಲರಿಗೆ ಪತ್ರ ತೋರಿಸುವವರೆಗೆ ಕೀಲಿ ಕೊಡಬೇಡಿ. ಹಣ ನಿಮ್ಮ ಖಾತೆಗೆ ಬಂದ ದಿನವೇ ಕೀಲಿ ಕೊಡುತ್ತೇವೆಂದು ಲಿಖಿತವಾಗಿ ತಿಳಿಸಿ.

ಆದರೆ ಇದಕ್ಕಿಂತ ತುರ್ತಿನದು ಗೋಡೆಯ ಮೇಲಿನ ನೋಟಿಸು. ಅದು ಸಾಲಕ್ಕೆ ಅಡವಿಟ್ಟ ಆಸ್ತಿಯನ್ನು ಸ್ವಾಧೀನಕ್ಕೆ ಪಡೆಯಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2)ರ ನೋಟಿಸಾಗಿದ್ದರೆ ಸಾಲ ತೀರಿಸಲು ಮಾಲಕರಿಗೆ 60 ದಿನದ ಗಡುವಿದೆ ಎಂದರ್ಥ. 13(4)ರದಾಗಿದ್ದರೆ ಬ್ಯಾಂಕು ಸ್ವಾಧೀನದ ಕ್ರಮಕ್ಕೇ ಇಳಿದಿದೆ. ಆಗ ಬಾಧಿತರು 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ 17ನೆಯ ಕಲಮಿನಡಿ ಅರ್ಜಿ ಹಾಕಬೇಕು, ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ಸಿಗುವುದಿಲ್ಲ. ಬ್ಯಾಂಕಿನ ಅಡಮಾನ ಮೊದಲಿನದೋ ನಿಮ್ಮ ಲೀಸ್ ಮೊದಲಿನದೋ ಎಂಬುದರ ಮೇಲೆ ನಿಮ್ಮ ಬಲ ನಿಂತಿದೆ. ಅಡಮಾನ ಮೊದಲಿನದಾಗಿ, ಬ್ಯಾಂಕಿನ ಒಪ್ಪಿಗೆಯಿಲ್ಲದೆ ಲೀಸ್ ಆಗಿದ್ದರೆ ಬ್ಯಾಂಕಿನೆದುರು ನಿಮ್ಮ ವಾದ ದುರ್ಬಲ. ಇದನ್ನು ತಿಳಿಯಲು ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರ, ಜೊತೆಗೆ ಇತ್ತೀಚಿನ ಉತಾರ (ಆಸ್ತಿ ದಾಖಲೆಯ ನಕಲು) ತೆಗೆಸಿ. ನವನಗರದ ನಿವೇಶನಗಳಲ್ಲಿ ಬಹಳಷ್ಟು ಆಲಮಟ್ಟಿ ಹಿನ್ನೀರಿನಿಂದ ಮನೆ ಕಳೆದುಕೊಂಡವರಿಗೆ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹಂಚಿದವು. ಆದ್ದರಿಂದ ಹಂಚಿಕೆ ಯಾರ ಹೆಸರಿನಲ್ಲಿದೆ ಎಂಬುದನ್ನು ಅಲ್ಲಿಯೂ ವಿಚಾರಿಸಿ.

ನೀವು ಕಳಿಸಿದ ಚಿತ್ರದಲ್ಲಿ ನೋಟಿಸಿನ ಮೇಲ್ಭಾಗ ಮಸುಕಾಗಿ, ಕಲಮೂ ದಿನಾಂಕವೂ ಓದಲು ಬರುತ್ತಿಲ್ಲ. 45 ದಿನದ ಎಣಿಕೆ ನೀವು ಈ ಉತ್ತರ ಓದುವ ದಿನದಿಂದ ಶುರುವಾಗುವುದಲ್ಲ, ಬ್ಯಾಂಕು ಕ್ರಮ ಕೈಗೊಂಡ ದಿನದಿಂದಲೇ ಶುರುವಾಗಿರುತ್ತದೆ. ನೋಟಿಸಿನ ಸ್ಪಷ್ಟವಾದ ಪ್ರತಿ, ಬಾಂಡ್ ಪತ್ರ ಮತ್ತು ಬ್ಯಾಂಕ್ ಪಾಸ್‌ಬುಕ್ ಹಿಡಿದುಕೊಂಡು ಈ ವಾರವೇ ನಿಮ್ಮೂರಿನ ವಕೀಲರನ್ನು ಕಾಣಿರಿ.